ಹದಿನೈದರಲ್ಲಿ ಆರು

ಮನೆಯಿಂದ,
ನವೆಂಬರ್ ಒಂಬತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮೇಷ್ಟ್ರಮ್ಮಾ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಬಾಯಿ ಕಹಿಯಾಗುತ್ತದೆಂದು ನೀನು ಆಗಾಗ ತಪ್ಪಿಸುತ್ತೀಯಂತೆ. ನಿಮ್ಮಕ್ಕ ಫೋನಿನಲ್ಲಿ ಚಾಡಿ ಹೇಳಿದರು. ಅವರನ್ನು ಬೈಯಬೇಡ, ನಾನೇ ಕೆದಕಿ ಕೇಳಿದ್ದು. ನೀನು ಫೋನಿಗೆ ಬರುವುದಿಲ್ಲವೆಂದು ನನಗೆ ಕೋಪವಿಲ್ಲ. ಬಂದರೂ ನಾವಿಬ್ಬರೂ ಒಬ್ಬರ ಉಸಿರು ಒಬ್ಬರು ಕೇಳಿಸಿಕೊಂಡು ಇಟ್ಟುಬಿಡುತ್ತೇವೆ. ಅದಕ್ಕೇ ಈ ಕಾಗದ. ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದು, ಅದೇ ವಾರ ನೀನು ಅಕ್ಕನ ಮನೆಗೆ ಹೊರಟಾಗ "ಸ್ವಲ್ಪ ದಿನ ಅಷ್ಟೇ" ಎಂದಿದ್ದೆ. ಆಗ ಸೆಕೆಗಾಲ, ಈಗ ಕಂಬಳಿ ತೆಗೆದಿದ್ದೇನೆ. ಅವಸರವೇನಿಲ್ಲ, ಸುಮ್ಮನೆ ಹೇಳಿದೆ.

ನಾನು ಚೆನ್ನಾಗಿದ್ದೇನೆ. ಅಂಗಡಿಯಲ್ಲಿ ಕೆಲಸ ಮೈತುಂಬ ಇದೆ. ಕನ್ನಡಕದ ಗಾಜು ಉಜ್ಜುವ ಯಂತ್ರ ರಿಪೇರಿಯಾಗಿ ಬಂದ ಮೇಲೆ ಮೊದಲಿನಷ್ಟು ಅರಚುವುದಿಲ್ಲ, ನನಗೋ ಆ ಅರಚಾಟವೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಸಂಜೆ ಬೀಗ ತೆರೆದು ಒಳಗೆ ಬಂದರೆ ಮತ್ತೆ ಬೆಳಿಗ್ಗೆ ಅಂಗಡಿಗೆ ಹೋಗುವವರೆಗೆ ಮಾತೇ ಇಲ್ಲ. ದಿನದ ಮೊದಲ ಗಿರಾಕಿಯೊಡನೆ ಮಾತಾಡುವಾಗ ದನಿ ಒಡೆದು ಬರುತ್ತದೆ, ಅವರು ನೆಗಡಿಯಾಗಿದೆಯೇ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಊರಿಗೆಲ್ಲ ನನಗೆ ವಾಸಿಯಾಗದ ನೆಗಡಿ ಎಂದು ಸುದ್ದಿಯಾಗಿದೆ.

ಈಗ ನಿನಗೆ ನಗು ಬರುವ ಸುದ್ದಿ ಹೇಳುತ್ತೇನೆ. ನಾನು ಪಾಠ ಹೇಳಿದೆ, ಅದೂ ಲೆಕ್ಕದ ಪಾಠ. ನಿನ್ನ ಹತ್ತಿರ ಕಲಿಯುತ್ತಿದ್ದವರೆಲ್ಲ ಬೇರೆ ಕಡೆ ಸೇರಿಕೊಂಡರು, ಒಬ್ಬರನ್ನು ಬಿಟ್ಟು. ಅದೇ, ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಅಕ್ಕ. ಹತ್ತನೆಯ ತರಗತಿ ಪಾಸಾದರೆ ವಾರ್ಡಿಗೆ ಹಾಕುತ್ತಾರೆ, ಇಲ್ಲದಿದ್ದರೆ ಆ ಹಬೆಯಲ್ಲೇ ಬೇಯಬೇಕು. ಉಬ್ಬಸ ಬೇರೆ ಶುರುವಾಗಿದೆ ಪಾಪ. ಅಕ್ಟೋಬರಿನ ಒಂದು ಸಂಜೆ ಪುಸ್ತಕ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. "ಮೇಡಂ ಬಂದ್ರಾ?" ಎಂದರು. ಇನ್ನೂ ಇಲ್ಲ ಎಂದೆ. "ಹಾಗಾದ್ರೆ ನೀವೇ ಹೇಳಿಕೊಡಿ. ಇಷ್ಟು ವರ್ಷ ಮೇಡಂ ಜೊತೆ ಇದ್ದೀರಿ, ಸ್ವಲ್ಪನಾದ್ರೂ ಅಂಟಿರುತ್ತೆ" ಎಂದು ಚಪ್ಪಲಿ ಬಿಟ್ಟು ಒಳಗೆ ಬಂದೇಬಿಟ್ಟರು.

ಅವರಿಗೆ ತಲೆನೋವಾಗಿದ್ದದ್ದು ಒಂದೇ ಪಾಠ. ಯಾವ ಭಿನ್ನರಾಶಿಯನ್ನು ದಶಮಾಂಶ ಮಾಡಿದರೆ ಮುಗಿಯುತ್ತದೆ, ಯಾವುದು ಮುಗಿಯದೆ ಮರಳಿ ಮರಳಿ ಬರುತ್ತದೆ, ಭಾಗಿಸದೆಯೇ ಹೇಳಬೇಕು. ನನಗೆ ಗೊತ್ತಿರುವ ದಶಮಾಂಶವೆಲ್ಲ ಕನ್ನಡಕದ ಪವರಿನವು: ಕಾಲು, ಅರ್ಧ, ಮುಕ್ಕಾಲು. ಎಲ್ಲ ಎರಡಂಕಿಗೆ ತೆಪ್ಪಗೆ ಮುಗಿಯುವಂಥವು. ಸರಿ, ಇಬ್ಬರೂ ಮೇಜಿನ ಮುಂದೆ ಕೂತು ಭಾಗಿಸುತ್ತಾ ಹೋದೆವು. ಎಂಟರಲ್ಲಿ ಒಂದು 0.125ಕ್ಕೆ ನಿಂತಿತು. ಮೂರರಲ್ಲಿ ಒಂದು ಹಟಮಾರಿ, ಮೂರು ಮೂರು ಎಂದು ಜಪ ಮಾಡತೊಡಗಿತು. ಏಳರಲ್ಲಿ ಒಂದನ್ನು ಹಿಡಿದಾಗ 142857 ಬಂದು, ಮುಗಿಯಿತೇನೋ ಎನ್ನುವಷ್ಟರಲ್ಲಿ ಮತ್ತೆ ಒಂದು, ನಾಲ್ಕು, ಎರಡು ಶುರುವಾಯಿತು. "ಯಾಕೆ ವಾಪಸ್ ಬಂತು?" ಎಂದು ಕೇಳಿದರು. ಏಳರಿಂದ ಭಾಗಿಸಿದರೆ ಉಳಿಯುವ ಶೇಷ ಒಂದರಿಂದ ಆರರೊಳಗೇ ಇರಬೇಕಲ್ಲ, ಸೊನ್ನೆ ಬಾರದಿದ್ದರೆ ಹಳೆಯ ಶೇಷವೇ ಮತ್ತೆ ಬರದೆ ಗತಿಯಿಲ್ಲ, ಅದು ಬಂದೊಡನೆ ಹಳೆಯ ಅಂಕಿಗಳೂ ಸಾಲಾಗಿ ಹಿಂದೆಯೇ ಬರುತ್ತವೆ. ಇದನ್ನು ನಾನೇ ಹೇಳಿದೆ, ನಂಬು. ಆಮೇಲೆ ನಿನ್ನ ಪುಸ್ತಕ ತೆರೆದು ಉಳಿದದ್ದು ಓದಿದೆ. ದಶಮಾಂಶವೆಂದರೆ ಹತ್ತು, ನೂರು, ಸಾವಿರದ ಭಾಗಗಳು. ಹತ್ತನ್ನು ಒಡೆದರೆ ಸಿಗುವುದು ಎರಡು ಮತ್ತು ಐದು ಮಾತ್ರ. ಹಾಗಾಗಿ ಕೆಳಗಿನ ಸಂಖ್ಯೆಯಲ್ಲಿ ಎರಡು, ಐದು ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನ ಇಲ್ಲದಿದ್ದರೆ ಮುಗಿಯುತ್ತದೆ, ಇದ್ದರೆ ಮುಗಿಯುವುದಿಲ್ಲ. ಅಂಗಡಿಯಲ್ಲಿ ಎರಡು ದಿನ ಇದನ್ನೇ ಗುನುಗಿಕೊಂಡಿದ್ದೆ.

ಮೂರನೆಯ ದಿನ ಮುಖಭಂಗವಾಯಿತು. ಅವರು ಹದಿನೈದರಲ್ಲಿ ಆರು ಎಂಬ ಲೆಕ್ಕ ತೋರಿಸಿದರು. ನಾನು ಕೂತಲ್ಲಿಂದಲೇ, ಹದಿನೈದರಲ್ಲಿ ಮೂರಿದೆ, ಇದು ಮುಗಿಯುವುದಿಲ್ಲ ಎಂದು ತೀರ್ಪು ಕೊಟ್ಟೆ. ಅವರು ನಂಬಿಕೆ ಸಾಲದೆ ಭಾಗಿಸಿ, "ಇದು ಮುಗಿದೇ ಹೋಯ್ತಲ್ಲ ಸರ್, ಬರೀ ಪಾಯಿಂಟ್ ನಾಲ್ಕು" ಎಂದರು. ನಾನೂ ಭಾಗಿಸಿದೆ. ಪಾಯಿಂಟ್ ನಾಲ್ಕೇ. ಏನೂ ತೋಚದೆ ಅಡುಗೆಮನೆಯ ಕಡೆ ತಿರುಗಿ, "ಏ ಮೇಷ್ಟ್ರಮ್ಮಾ, ಸ್ವಲ್ಪ ಬಾ ಇಲ್ಲಿ, ಇದೇನು ನೋಡು" ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ನೆನಪಾಯಿತು. ಅಡುಗೆಮನೆಯ ದೀಪ ಕೂಡ ಹಾಕಿರಲಿಲ್ಲ. ಲಾಂಡ್ರಿ ಅಕ್ಕ ತಲೆಯೆತ್ತಲಿಲ್ಲ, ಪೆನ್ಸಿಲನ್ನು ಹಾಳೆಯ ಮೇಲೆ ಹಾಗೇ ಹಿಡಿದುಕೊಂಡಿದ್ದರು. "ನಮ್ಮೆಜಮಾನ್ರು ತೀರಿಕೊಂಡ ಮೇಲೆ ನಾನೂ ಹೀಗೇ ಕೂಗ್ತಿದ್ದೆ. ಕೂಗಿದ್ರೆ ತಪ್ಪೇನಿಲ್ಲ ಬಿಡಿ" ಎಂದರು. ನನ್ನ ಹೆಂಡತಿ ಅಕ್ಕನ ಮನೆಗೆ ಹೋಗಿದ್ದಾಳೆ ಅಷ್ಟೇ, ಬರುತ್ತಾಳೆ ಎಂದು ಹೇಳಬೇಕೆಂದುಕೊಂಡೆ. ಅದರ ಬದಲು ಎದ್ದು ಹೋಗಿ ನೀರು ಕುಡಿದು ಬಂದೆ.

ಬಂದು ಕೂರುವಷ್ಟರಲ್ಲಿ ಅವರು ಬೆರಳಿಟ್ಟು ತೋರಿಸಿದರು: "ಮೇಲಿರೋ ಆರರಲ್ಲೂ ಮೂರಿದೆ ನೋಡಿ. ಎರಡೂ ಹೊಡೆದುಹಾಕಿದ್ರೆ ಐದರಲ್ಲಿ ಎರಡು." ಮೊದಲು ಸಂಕ್ಷೇಪಿಸಬೇಕು, ಆಮೇಲೆ ಕೆಳಗಿನದನ್ನು ನೋಡಬೇಕು. ಪುಸ್ತಕದಲ್ಲಿ ಆ ಮಾತು ಇತ್ತು, ನಾನೇ ಹಾರಿಸಿದ್ದೆ. ಅವತ್ತು ಅವರು ಹೋಗುವಾಗ ನಾನು ಗೇಟಿನವರೆಗೂ ಹೋದೆ. ಅವರು ತಿರುವು ದಾಟಿದ ಮೇಲೂ ಅಲ್ಲೇ ನಿಂತಿದ್ದೆ. ಒಳಗೆ ಬರಲು ಮನಸ್ಸಾಗಲಿಲ್ಲ.

ಗುರುವಾರ ಪರೀಕ್ಷೆ ಮುಗಿಸಿ ನೆಟ್ಟಗೆ ಅಂಗಡಿಗೇ ಬಂದರು. ಗಿರಾಕಿಯ ಮೂಗಿಗೆ ಕನ್ನಡಕ ಕೂರಿಸುತ್ತಿದ್ದೆ, ಅದನ್ನೂ ನೋಡದೆ ಶುರುಮಾಡಿದರು. ಹನ್ನೆರಡರಲ್ಲಿ ಒಂಬತ್ತು ಎಂಬ ಲೆಕ್ಕ ಬಂದಿತ್ತಂತೆ. "ಪಕ್ಕದ ಹುಡುಗಿ ಮುಗಿಯಲ್ಲ ಅಂತ ಬರೆದ್ಲು. ನಾನು ಮೂರನ್ನ ಹೊಡೆದುಹಾಕ್ದೆ, ಮುಕ್ಕಾಲು ಬಂತು. ಮೇಡಂಗೆ ತಿಳಿಸಿ" ಎಂದು ಹೇಳಿ, ಪಾಳಿಗೆ ಹೊತ್ತಾಯಿತೆಂದು ಓಡಿದರು. ಫಲಿತಾಂಶ ಮುಂದಿನ ತಿಂಗಳು. ಬೇರೆ ಲೆಕ್ಕಗಳು ಏನಾಗಿವೆಯೋ, ನಾನು ಕೇಳಲಿಲ್ಲ. ಇನ್ನು ಅವರು ಸಂಜೆ ಬರುವುದಿಲ್ಲ. ನಿನ್ನೆ ಆ ಹೊತ್ತಿಗೆ ಸುಮ್ಮನೆ ಮೇಜು ಒರೆಸಿದೆ.

ಅಕ್ಕ ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಾತ್ರೆ ತಪ್ಪಿಸಬೇಡ, ನುಂಗಿದ ಮೇಲೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೋ. ತಣ್ಣೀರಲ್ಲಿ ಕೈಯಿಡಬೇಡ.

ನಿನ್ನವನೇ ಆದ,
ದಡ್ಡ ಶಿಷ್ಯ

ಮರೆತಿದ್ದೆ: ಶನಿವಾರ ಬೆಳಗಿನ ಬಸ್ಸಿಗೆ ಟಿಕೆಟ್ ತೆಗೆಸಿದ್ದೇನೆ. ನಿನ್ನನ್ನು ಕರೆದುಕೊಂಡು ಬರಲಿಕ್ಕಲ್ಲ, ಹೆದರಬೇಡ. ಮನೆಗೆ ಬಾರದೆ ಹೋದ ಮಗುವಿನ ಮುಖ ನೋಡಿದ್ದು ನಾವಿಬ್ಬರೇ. ಅದರ ಮೂಗು ಯಾರ ಹಾಗಿತ್ತು ಎಂದು ಮಾತಾಡಲು ನನಗೆ ಬೇರೆ ಯಾರೂ ಇಲ್ಲ. ಬೇಡವೆಂದಾದರೆ ಅಕ್ಕನ ಕೈಲಿ ಒಂದು ಮಾತು ಹೇಳಿಸು. ಹೇಳಿಸದಿದ್ದರೆ ಬರುತ್ತೇನೆ.