ವಲ್ಲಿಯ ಕೆಳಗಿನ ದರ

ಶಿರಾಳಕೊಪ್ಪ
ಬುಧವಾರ, 12-11-1958

ಮನೆಯವರಿಗೆ ಶರಣು.

ಸೊರಬದಲ್ಲಿ ನಿಮ್ಮಕ್ಕ ಜಗದಾಂಬನವರ ಕೈಯಡುಗೆ ಉಂಡು ನಿಮ್ಮ ಸಿಟ್ಟು ಇಳಿದಿರಬಹುದು. ನನ್ನದು ಇಳಿದಿಲ್ಲ. ಶುಕ್ರವಾರ ಬೆನಕಪ್ಪನವರ ಅಂಗಡಿಯಲ್ಲಿ ನಮ್ಮ ವರದಾ ರೇಡಿಯೋ ಕಂಪನಿಯ ಷೇರುದಾರರೆಲ್ಲ ಮುಂಬಯಿಯವರಿಗೆ ಷೇರು ಬರೆದುಕೊಡುತ್ತಾರೆ. ಅಷ್ಟರೊಳಗೆ ನೀವು ಬರಬೇಕು.

ನೀವು ಹೋದ ಮೇಲೂ ಸಭೆ ನಡೆಯಿತು. ಮಹೇಶ್ವರಪ್ಪನವರದು ಅದೇ ರಾಗ: ಶರಾವತಿಯ ಕರೆಂಟು ಬಂದರೆ ಬ್ಯಾಟರಿ ರೇಡಿಯೋ ಯಾರು ಕೊಳ್ಳುತ್ತಾರೆ, ಟ್ರಾನ್ಸಿಸ್ಟರ್ ಅಂತ ಅಂಗೈಯಗಲದ್ದು ಬೇರೆ ಬರುತ್ತಿದೆಯಂತೆ, ಈಗಲೇ ಮಾರಿ ಕೈತೊಳೆದುಕೊಳ್ಳೋಣ. ತಾಳಗುಂದಕ್ಕೆ ಕರೆಂಟು ಬರುವ ಹೊತ್ತಿಗೆ ನಮಗೆ ಮೊಮ್ಮಕ್ಕಳಾಗಿರುತ್ತವೆ, ಅಲ್ಲಿಯವರೆಗೆ ಹಳ್ಳಿಹಳ್ಳಿಗೂ ನಮ್ಮದೇ ರೇಡಿಯೋ ಎಂದೆ. ಸಾಯುವ ಎತ್ತನ್ನು ಮುಂಬಯಿಯಿಂದ ಹುಡುಕಿಕೊಂಡು ಬಂದು ಯಾರೂ ಕೊಳ್ಳುವುದಿಲ್ಲ ಎಂದೂ ಹೇಳಿದೆ. ಹೆಂಗಸಿನ ಮಾತೆಂದು ನಕ್ಕರು.

ಅವರೆಲ್ಲ ನಂಬಿರುವುದು ನಿಮ್ಮ ಕೈಯನ್ನು. ದನದ ಸಂತೆಯಲ್ಲಿ ಮಾಡುವ ಹಾಗೆ ಮುಂಬಯಿಯ ಆ ಏಜೆಂಟರ ಜೊತೆ ಕೈಮೇಲೆ ಹೆಗಲ ವಲ್ಲಿಬಟ್ಟೆ ಮುಚ್ಚಿಕೊಂಡು, ಬೆರಳು ಹಿಡಿದು ಎಲ್ಲರ ಪರವಾಗಿ ದರ ಮುಗಿಸಿದಿರಿ. ವಲ್ಲಿಯ ಕೆಳಗಿನ ದರವನ್ನು ಯಾರೂ ಬಾಯಿಬಿಟ್ಟು ಕೇಳುವ ಪದ್ಧತಿಯಿಲ್ಲ. ನಾನು ಕೇಳಿದೆ. ಅದಕ್ಕೇ ಅಲ್ಲವೇ ನೀವು ಎದ್ದು ಸೊರಬದ ಬಸ್ಸು ಹತ್ತಿದ್ದು? ಆಮೇಲೆ ಏಜೆಂಟರು ಹತ್ತು ರೂಪಾಯಿಯ ಷೇರಿಗೆ ಆರು ಎಂದರು. "ಗುರುಮಲ್ಲಪ್ಪ ಹಿಡಿದ ಕೈ ಐತಲ್ಲ, ಮತ್ತೇನ್ ಕೇಳೋದೈತ್ರೀ" ಎಂದು ಬೆನಕಪ್ಪನವರು ಸಭೆ ಮುಗಿಸಿದರು.

ಖಾನಾವಳಿಯ ರಾಜೇಶ್ವರಮ್ಮ ಮನೆಗೆ ಬಂದಿದ್ದರು. ರೊಟ್ಟಿ ಬಡಿದು ಕೂಡಿಟ್ಟದ್ದನ್ನೆಲ್ಲ ನಿಮ್ಮ ಮಾತಿನ ಮೇಲೆ ಈ ಕಂಪನಿಗೆ ಹಾಕಿದವರು. ನಿಮ್ಮ ಯಜಮಾನರೂ ಆರಕ್ಕೇ ಒಪ್ಪಿದರೇನವ್ವಾ ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಚಹಾ ಕುಡಿಯದೆ ಎದ್ದು ಹೋದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಶುಕ್ರವಾರ ನೀವೇ ಬಂದು ಎಲ್ಲರೆದುರು ನಿಮ್ಮ ದರ ಹೇಳಿ. ಈ ಕಾಗದ ತರುವ ಕಂಡಕ್ಟರ್ ಹುಲಿಯಪ್ಪನಿಗೆ, ನಾಳೆ ವಾಪಸು ಬರುವ ಬಸ್ಸಿನಲ್ಲಿ ನಿಮಗೊಂದು ಸೀಟು ಹಿಡಿದಿಡು ಎಂದಿದ್ದೇನೆ.

ನಿಮ್ಮ ಮೇಲೆ ಸಿಟ್ಟಿದ್ದರೂ ನಿಮ್ಮ ದಾರಿಯನ್ನೇ ಕಾಯುತ್ತಿರುವ,
ನೀಲಾಂಬಿಕ

ತಾ.ಕ.: ರಾಜೇಶ್ವರಮ್ಮನಿಗೆ ಗೊತ್ತಿಲ್ಲ ಎಂದದ್ದು ಸುಳ್ಳು. ಅದಕ್ಕೂ ಮೊದಲೇ ಏಜೆಂಟರು ನನ್ನ ಹೆಸರಿನ ಷೇರಿಗೆ ಸಹಿ ಬೇಕೆಂದು ಬಂದಿದ್ದರು. ಯಜಮಾನರಿಗೆ ಒಪ್ಪಿಕೊಂಡ ದರವೇ ನನಗೂ ಬೇಕು ಎಂದು ನಾನೇ ವಲ್ಲಿ ಹಾಕಿ ಕೈ ಚಾಚಿದೆ. ದನದ ದಲ್ಲಾಳಿಯ ಮಗಳಲ್ಲವೇ, ಬೆರಳ ಲೆಕ್ಕ ನನಗೂ ಬರುತ್ತದೆ. ಅವರು ಒತ್ತಿದ ಬೆರಳು ಎಣಿಸಿದೆ: ಊರಿಗೆಲ್ಲ ಆರು, ನಮ್ಮ ಮನೆಗೆ ಮಾತ್ರ ಒಂಬತ್ತು. ಪರಗಂಡಸಿನ ಕೈ ಹಿಡಿದಳೆಂದು ಬೈಯುವುದಿದ್ದರೆ ಬಂದು ಬೈಯಿರಿ. ಬಾರದಿದ್ದರೆ ಅದೇ ಬೆರಳುಗಳನ್ನು ಶುಕ್ರವಾರ ರಾಜೇಶ್ವರಮ್ಮನವರ ಕೈಯಲ್ಲಿ ಒತ್ತುತ್ತೇನೆ. ವಲ್ಲಿ ಹಾಕುವುದಿಲ್ಲ.