ಮೂರು ಸಲ ತೊಳೆದ ಬಾಟಲಿ

ಪ್ರೀತಿಯ ಅಕ್ಕ,

ಕುಡಿಯುವ ನೀರನ್ನು ಪರೀಕ್ಷೆಗೆ ಒಯ್ಯಲು ತಿರುಮಣಿ ಹತ್ತಿರದ ಹಳ್ಳಿಯೊಂದಕ್ಕೆ ಬಂದಿದ್ದೇನೆ. ದೊಡ್ಡಕ್ಕ ಎನ್ನುವ ಅಜ್ಜಿ, ನಾನು ಹೇಳುವ ಮೊದಲೇ, ಬಾಟಲಿಯನ್ನು ಬೋರ್‌ವೆಲ್ ನೀರಿನಲ್ಲೇ ಮೂರು ಸಲ ತೊಳೆದು ತುಂಬಿಸಿಕೊಟ್ಟರು. "ಬಂದೋರೆಲ್ಲ ಇಂಗೇ ಮಾಡ್ಸವ್ರೆ ಕಣಮ್ಮ. ಈ ನೀರು ಕುಡೀಬೋದಾ ಅಂತ ಮಾತ್ರ ಒಬ್ರೂ ಬಂದು ಹೇಳ್ಲಿಲ್ಲ."

ಎಂಟು ವರ್ಷದ ಹಿಂದೆ ಬಂದವರು ನನ್ನ ವಿದ್ಯಾರ್ಥಿಗಳು. ಅವರು ತಂದ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆಯೆಂದು ನಾನು ಪ್ರಬಂಧ ಪ್ರಕಟಿಸಿದೆ. ವಿಭಾಗದ ವೆಬ್‌ಸೈಟಿನಲ್ಲಿ ಅದೇ ನನ್ನ ಸಂಶೋಧನಾ ಕ್ಷೇತ್ರ. ಇವರಿಗೆ ತಿಳಿಸಬೇಕೆಂದು ನನಗೇಕೆ ಹೊಳೆಯಲಿಲ್ಲ? ಇವತ್ತು ಹೇಳಿದೆ. ದೊಡ್ಡಕ್ಕ ಮೊಮ್ಮಗಳನ್ನು ಕರೆದು ಬಾಯಿ ತೆರೆಸಿದರು. ಹಲ್ಲಿನ ತುಂಬ ಫ್ಲೋರೈಡಿನ ಕಂದು ಗೆರೆ. "ಆಗ ಇವ್ಳಿನ್ನೂ ಕೈಗೂಸು" ಎಂದರು.

ನನ್ನ ಆರೋಗ್ಯಕ್ಕೇನೂ ತೊಂದರೆಯಿಲ್ಲ. ಪಾವಗಡದಿಂದ ತಂದ ಕ್ಯಾನ್ ನೀರನ್ನೇ ಕುಡಿಯುತ್ತಿದ್ದೇನೆಂದು ಅಮ್ಮನಿಗೆ ಹೇಳು.

ನಿನ್ನ ತಂಗಿ,
ಗಂಗಾಂಬಿಕಾ