ಬಾಣಂತನಕ್ಕೆ ಕೂಡಿಟ್ಟ ಹತ್ತಿಕಟ್ಟಿಗೆ

ಗೋಗಿ, ಶಹಾಪುರ ತಾಲ್ಲೂಕು
14 ಮಾರ್ಚ್ 2024

ಪ್ರೀತಿಯ ಮಲ್ಲೇಶ್ವರಿ ಅಕ್ಕಾ,

ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ಏಳು ತಿಂಗಳು ತುಂಬಿದ ಮೇಲೂ ಪುಣೆಯ ಆ ಮೂರನೇ ಮಹಡಿ ಹತ್ತಿ ಇಳಿಯುತ್ತೀ ಅಂತ ಅವ್ವ ದಿನಾ ಬೈಯುತ್ತಾಳೆ, ಬೈದು ಮುಗಿದ ಮೇಲೆ ಅಳುತ್ತಾಳೆ. ಫೋನು ಬಿಟ್ಟು ಪತ್ರ ಯಾಕೆ ಅಂತ ನಗಬೇಡ. ನಮ್ಮ ಮನೆಯಲ್ಲಿ ಫೋನು ಅಂದರೆ ಸ್ಪೀಕರು, ಸ್ಪೀಕರು ಅಂದರೆ ಅವ್ವ.

ನಿನ್ನ ಬಾಣಂತನಕ್ಕೆಂದು ಅವ್ವ ಹಿತ್ತಲಲ್ಲಿ ಹತ್ತಿಕಟ್ಟಿಗೆಯ ಬಣವೆ ಒಟ್ಟಿದ್ದಳಲ್ಲ, ಅದು ಈಗಿಲ್ಲ. ಸುಟ್ಟು ಬೂದಿಯಾಯಿತು. ಕೃಷಿ ಕಚೇರಿಯಲ್ಲಿ ನನ್ನ ಕೆಲಸವೇ ನೋಟಿಸು ಹಂಚುವುದು: ಗುಲಾಬಿ ಕಾಯಿಹುಳ ಒಣ ಕಟ್ಟಿಗೆಯಲ್ಲಿ ಉಳಿದ ಕಾಯಿಯೊಳಗೆ ಮಲಗಿದ್ದು ಮುಂದಿನ ಬೆಳೆಗೆ ಏಳುತ್ತದೆ, ಹಾಗಾಗಿ ಬಣವೆ ಇಡುವಂತಿಲ್ಲ, ಇಟ್ಟರೆ ಕಾಯ್ದೆ ಪ್ರಕಾರ ಕ್ರಮ. ಓಣಿ ಓಣಿಗೆ ಓದಿ ಹೇಳಿದೆ. ಪಕ್ಕದ ಮನೆಯ ಹಜರಾಬೀ ಚಾಚಿಯ ಬಣವೆಯನ್ನು ಎದುರು ನಿಂತು ಸುಡಿಸಿದೆ. ಚಾಚಿ ಜಗಳಾಡಲಿಲ್ಲ. "ನಿಮ್ಮವ್ವಂದು ಯಾವಾಗ ಸುಡ್ತೀಯೋ ತಾಯಪ್ಪಾ?" ಅಂದಳು, ಅಷ್ಟೇ. ನಾಚಿಕೆಯಾಗಿ ತಲೆ ಎತ್ತಲಾಗಲಿಲ್ಲ ಅಕ್ಕಾ.

ಅವ್ವ ಕೇಳಬೇಕಲ್ಲ! "ನನ್ನ ಮಗಳು ಐದು ತಿಂಗಳು ಸುಡುಸುಡು ನೀರು ಎರಕೋಬೇಕು. ಸರ್ಕಾರ ಬಂದು ನೀರು ಕಾಸ್ತದೇನು? ನನ್ನ ಕಟಗಿಯಾಗ ಒಂದರ ಹುಳ ತೋರ್ಸು, ನಾನೇ ಕಡ್ಡಿ ಗೀರ್ತೀನಿ" ಅಂದಳು. ಅವಳದು ತಪ್ಪೂ ಅಲ್ಲ. ನಾವಿಬ್ಬರು ಹುಟ್ಟಿದಾಗಲೂ ಇದೇ ಕಟ್ಟಿಗೆಯ ಉರಿ, ಇದೇ ನೀರು. ಆದರೆ ಹುಳಕ್ಕೆ ಬೇಲಿ ಗೊತ್ತಿಲ್ಲ. ಒಬ್ಬರು ಉಳಿಸಿಕೊಂಡರೂ ಊರೆಲ್ಲ ಸುಟ್ಟದ್ದು ದಂಡ. ಮೊನ್ನೆ ಅವಳೆದುರೇ ಬಣವೆಯಿಂದ ಒಂದು ಒಣಕಾಯಿ ತೆಗೆದು ಒಡೆದೆ. ಒಳಗೆ ಹುಳ ಹೊರಳಿತು. ಅವ್ವ ಆಡಿದ ಮಾತಿಗೆ ತಪ್ಪದೆ ತಾನೇ ಕಡ್ಡಿ ಗೀರಿದಳು.

ನೀರಿನ ಚಿಂತೆ ಬೇಡ, ಬಂಡಿ ತುಂಬ ಜಾಲಿಕಟ್ಟಿಗೆ ತರಿಸುತ್ತೇನೆ. ಭಾವನಿಗೆ ಜೈಭೀಮ್. ಹೊಟ್ಟೆಯೊಳಗಿರುವವರಿಗೆ ಮಾಮನ ಮುತ್ತು.

ನಿನ್ನ ತಮ್ಮ,
ತಾಯಪ್ಪ

ತಾ.ಕ.: ಬಸ್ಸಿಗೆ ಹೊತ್ತಾಯಿತು, ಆದರೂ ಹೇಳದೆ ಇರಲಾರೆ. ನಮ್ಮ ಕಟ್ಟಿಗೆಯಲ್ಲಿ ಎಷ್ಟು ಕಾಯಿ ಒಡೆದರೂ ನನಗೆ ಹುಳ ಸಿಕ್ಕಿರಲಿಲ್ಲ. ಅವ್ವನಿಗೆ ತೋರಿಸಿದ್ದು ಚಾಚಿಯ ಬಣವೆಯದು. ಸುಡುವ ಮುಂಚೆ ಎರಡು ಹುಳ ಹಿಡಿದು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಬಂದಿದ್ದೆ. ಒಂದನ್ನು ಕಾಯಿಯೊಳಗೆ ಸೇರಿಸಿದೆ. ಇನ್ನೊಂದು ಪೊಟ್ಟಣದಲ್ಲೇ ಇತ್ತು. ಇವತ್ತು ತೆರೆದು ನೋಡಿದರೆ ಖಾಲಿ. ಬೆಳಿಗ್ಗೆಯಿಂದ ಮನೆಯೆಲ್ಲ ಹುಡುಕಿದೆ, ಸಿಗಲಿಲ್ಲ. ಅಂಗಳದಲ್ಲಿ ಅವ್ವ ಚಾಚಿಗೆ ಹೇಳುತ್ತಿದ್ದಾಳೆ: "ನಮ್ಮ ಮನಿಯಾಗ ಇನ್ನ ಒಂದು ಹುಳ ಇಲ್ಲ ನೋಡು."